ಚಾಸಿಸ್ ನಂಬರಿನ ಅಚ್ಚು

ಮಾವ,

ನಿಮ್ಮ ಕಾರಿಗೆ ಅದರ ಹಳೇ ನಂಬರೇ ಖಾಯಂ ಆಯಿತು. ಇದನ್ನು ಮೊದಲು ಹೇಳಿಬಿಡದಿದ್ದರೆ ನನಗೆ ಮುಂದಿನ ಸಾಲೇ ಹೊಳೆಯುವುದಿಲ್ಲ.

ಬೆಳಿಗ್ಗೆ ನಮ್ಮ ನೋಂದಣಿ ಕಚೇರಿಗೆ ಆದೇಶ ಬಂತು. ಐವತ್ತು ವರ್ಷ ದಾಟಿದ ವಾಹನಗಳು ಇನ್ನು ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಓದಿದವನೇ ಬೀರುವಿನ ತಳದಿಂದ ನಿಮ್ಮ ಫೈಲ್ ಎಳೆದೆ. ಅದರಲ್ಲಿ ಮೂರು ಅರ್ಜಿ, ಮೂರರ ಮೇಲೂ ನನ್ನದೇ ಕೈಬರಹ: 'ನಿಯಮದಲ್ಲಿ ಅವಕಾಶವಿಲ್ಲ.' ಕೊನೆಯ ಸಲ ನೀವು, "ಅಳಿಯಂದ್ರೇ, ಗೇಟಿನ ಹತ್ರ ಬಂದು ಗಾಡಿನಾದ್ರೂ ನೋಡಿ" ಅಂದಿದ್ದಿರಿ. ನಾನು ತಲೆ ಎತ್ತದೆ, "ನೋಡಿದ್ರೆ ನಿಯಮ ಬದಲಾಗುತ್ತಾ ಮಾವ?" ಅಂದಿದ್ದೆ.

ಬದಲಾಯಿತು ನೋಡಿ. ಮಧ್ಯಾಹ್ನವೇ ನಿಮ್ಮ ಮಗಳು ವಾರಸುದಾರಳಾಗಿ ಅರ್ಜಿ ಹಾಕಿದಳು. ಗಾಡಿಯಡಿ ಕೊರೆದಿರುವ ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತರಬೇಕಿತ್ತು. ರಜೆ ಬರೆದು ನಿಮ್ಮ ಶೆಡ್ಡಿಗೆ ಓಡಿದೆ, ಕಾರಿನಡಿ ಅಂಗಾತ ಮಲಗಿದೆ. "ಇಸ್ತ್ರಿ ಶರ್ಟು ರೀ" ಅಂದಳು ನಿಮ್ಮ ಮಗಳು. ಹಾಳಾಗಿ ಹೋಗಲಿ ಅಂದೆ.

ತುಕ್ಕು ಉಜ್ಜಲು ಉಪ್ಪುಕಾಗದ ಒಯ್ದಿದ್ದೆ, ಬೇಕಾಗಲಿಲ್ಲ. ಸುತ್ತೆಲ್ಲ ಧೂಳು, ತುಕ್ಕು. ನಂಬರಿನ ಜಾಗಕ್ಕೆ ಮಾತ್ರ ನೀವು ಗ್ರೀಸ್ ಹಚ್ಚಿ, ಹಳೇ ಅಂಗಿಯ ತುಂಡು ಬಿಗಿದಿದ್ದಿರಿ. ಒರೆಸಿದರೆ ಒಂದೊಂದು ಅಂಕಿಯೂ ಮೊನ್ನೆ ಕೊರೆದ ಹಾಗಿತ್ತು.

ಸಂಜೆ ಸಾಹೇಬರು ಅಚ್ಚು ನೋಡಿ ಸಹಿ ಹಾಕುತ್ತಾ, "ಇಷ್ಟು ಚೆನ್ನಾಗಿ ಇಟ್ಟುಕೊಂಡಿರೋ ಗಾಡಿ ನಮ್ಮ ಆಫೀಸಿಗೆ ಬಂದೇ ಇಲ್ಲ ಕಣ್ರೀ" ಅಂದರು.

ಮೂರು ಸಲ ಗೇಟಿನವರೆಗೂ ಬಂದಿತ್ತು ಸಾರ್ ಅಂತ ನಾನು ಹೇಳಲಿಲ್ಲ.