ಆರು ನಿಮಿಷದ ನಡಿಗೆ

ಕಲಬುರಗಿ, ಆರನೇ ಮಹಡಿ
ಫೆಬ್ರವರಿ 30, 2131

ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಈಗಷ್ಟೇ ಮನೆಗೆ ಬಂದಿರುವ ಹಿಂದಿನ ಕಾಲದ ಹಿರಿಯರಿಗೆ ಮತ್ತು ಅವರ ಮಂಚದ ಪಕ್ಕದಲ್ಲಿ ಕುಳಿತವರಿಗೆ, ಮಡಿವಾಳಪ್ಪನ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿ ಐವತ್ತು ವರ್ಷದ ಮೇಲಾಯಿತು. ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ಈ ಒಂದು ತಿಂಗಳಲ್ಲಿ ಕೂತು ಕಲಿತಿದ್ದೇನೆ. ಕಲಿಯಲು ಸಮಯಕ್ಕೇನೂ ಬರವಿರಲಿಲ್ಲ.

ನಮ್ಮ ಊರಿನಲ್ಲಿ ಈಗ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಸಂತೆ ಮುಂಜಾನೆ ಆರಕ್ಕೆ ನೆರೆದು ಎಂಟಕ್ಕೆ ಮುಗಿಯುತ್ತದೆ. ಪ್ರತಿ ಮನೆಗೂ ಬಿಸಿಲುಬಾಗಿಲು ಇರುತ್ತದೆ: ಮೂರು ಪದರದ ಉಕ್ಕು, ನಡುವೆ ಬಿಸಿ ತಡೆಯುವ ಮರಳು. ಮೂವತ್ತೊಂದು ವರ್ಷ ಇಂಥ ಬಾಗಿಲು ಕೂಡಿಸುವುದೇ ನನ್ನ ಕಸುಬಾಗಿತ್ತು. ಆದ್ದರಿಂದ ಅದನ್ನು ಒಡೆಯುವುದು ಸಾಧ್ಯವಿಲ್ಲ ಎಂದು ನಾನು ಹೇಳಿದರೆ ನಂಬಿ.

ನನ್ನ ಹೃದಯದ ಎರಡು ರಕ್ತನಾಳ ಕಟ್ಟಿಕೊಂಡಿದ್ದವು. ಮಣಿಕಟ್ಟಿನಿಂದ ತಂತಿ ತೂರಿಸಿ ಎರಡು ಸ್ಟೆಂಟ್ ಹಾಕಿದರು, ಮೂರನೇ ದಿನ ಮನೆಗೆ ಕಳಿಸಿದರು. ಅಲ್ಲಿಂದ ತೊಂಬತ್ತು ದಿನ ಚೇತರಿಕೆ ಮನೆಯಲ್ಲೇ. ಎದೆಗೆ ಒಂದು ಪಟ್ಟಿ ಕಟ್ಟುತ್ತಾರೆ, ಅದು ನಾಡಿ ಓದುತ್ತದೆ. ನೆಲದ ಮೇಲೆ ನಡಿಗೆಹಾಸು; ನೀವು ನಡೆದಂತೆ ಅದು ಹಿಂದಕ್ಕೆ ಸರಿಯುತ್ತದೆ, ನೀವು ನಿಂತಲ್ಲೇ ಇರುತ್ತೀರಿ. ಇವೆರಡನ್ನೂ ಬಾಗಿಲನ್ನೂ ನೋಡಿಕೊಳ್ಳುವ ಯಂತ್ರಕ್ಕೆ ಮನೆಪಹರೆ ಎನ್ನುತ್ತೇವೆ. ಅದಕ್ಕೆ ಮುಖವಿಲ್ಲ; ಗೋಡೆಯೊಳಗಿಂದ ಮಾತಾಡುತ್ತದೆ. ವಾರಕ್ಕೆ ಎರಡು ಸಲ ಮಾತ್ರ ನಿಜವಾದ ಮನುಷ್ಯರ ದನಿ ಬರುತ್ತದೆ. ನನಗೆ ಬರುತ್ತಿದ್ದದ್ದು ಬೀದರಿನ ಮಹಾನಂದಾ ಎಂಬ ಹೆಣ್ಣುಮಗಳ ದನಿ. ವ್ಯಾಯಾಮ ಹೇಳಿಕೊಡುವವಳು. ನನ್ನನ್ನು ಕಾಕಾ ಎನ್ನುತ್ತಿದ್ದಳು.

ತೊಂಬತ್ತು ದಿನ ಮುಗಿಯುವವರೆಗೆ ರೋಗಿಯ ಕೈಗೆ ಬಾಗಿಲು ತೆರೆಯುವುದಿಲ್ಲ. ಪಟ್ಟಿಯ ನಾಡಿ ಕೆಟ್ಟರಂತೂ ಮನೆಯ ಯಾರ ಕೈಗೂ ತೆರೆಯುವುದಿಲ್ಲ. ಹಿಂದೆ ಕೆಲವರು ಗಾಬರಿಯಲ್ಲಿ ರೋಗಿಯನ್ನು ಹೊತ್ತು ಬಿಸಿಲಿಗೆ ಓಡಿ, ದಾರಿಯಲ್ಲೇ ಕಳೆದುಕೊಂಡರಂತೆ. ಅದಕ್ಕೇ ಈ ನಿಯಮ. ಒಳ್ಳೆಯದಕ್ಕೇ ಮಾಡಿದ್ದು.

ನಾಲ್ಕನೇ ದಿನ ಹಾಸಿನ ಮೇಲೆ ನಡೆಯುವಾಗ ಎದೆಯೊಳಗೆ ಏನೋ ಹಿಂಡಿದಂತಾಯಿತು. ಪಹರೆ ಏನೂ ತಪ್ಪಿಲ್ಲ ಎಂದಿತು. ಮಹಾನಂದಾಳೂ ಪಟ್ಟಿಯ ಗೆರೆಗಳನ್ನೆಲ್ಲ ನೋಡಿ, "ಏನೂ ಆಗಿಲ್ಲ ಕಾಕಾ, ಸ್ನಾಯು ಹಿಡದದ" ಎಂದಳು. ನನಗೆ ನಂಬಿಕೆ ಬರಲಿಲ್ಲ. ಅವತ್ತಿನಿಂದ ಮಂಚ ಬಿಟ್ಟು ಬಚ್ಚಲಿಗೆ ಹೋಗುವುದಕ್ಕೂ ಗೋಡೆ ಹಿಡಿಯತೊಡಗಿದೆ. ದಿಂಬಿನಲ್ಲಿ ಕಿವಿಯಿಟ್ಟರೆ ನನ್ನದೇ ಎದೆಬಡಿತ ಕೇಳುತ್ತಿತ್ತು. ಒಂದು ಬಡಿತ ಮುಗಿದರೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದೆ. ನಡೆಯದಿದ್ದರೆ ದಿನದ ಲೆಕ್ಕ ಮುಂದೆ ಸಾಗುವುದಿಲ್ಲ. ನಾನು ನಾಲ್ಕನೇ ದಿನದಲ್ಲೇ ಸಿಕ್ಕಿಬಿದ್ದಿದ್ದೆ.

ನನ್ನ ಹೆಂಡತಿ ಸುಗಲಾಬಾಯಿ ಮೂರು ದಿನ ನೋಡಿದಳು. ಅದರ ಮರುದಿನ ಮಂಚದ ಹತ್ತಿರ ಬಂದು ಕೈಚಾಚಿದಳು.

"ತಗೀರಿ ಆ ಪಟ್ಟಿ. ನಾ ನಡೀತೀನಿ."

"ಅದಕ್ಕ ಗೊತ್ತಾಗ್ತದ ಸುಗಲಾ."

"ಏನ್ ಗೊತ್ತಾಗ್ತದ? ಎದಿ ಎದಿನೇ. ಹಿಂಗೇ ಬಿದ್ಕೊಂಡಿದ್ರ ನೀವು ಈ ಜನ್ಮದಾಗ ಹೊರಗ ಬರಂಗಿಲ್ಲ."

ಪಟ್ಟಿಗೆ ಗೊತ್ತಾಗಲಿಲ್ಲ. ದಿನವೂ ಎಂಟಕ್ಕೆ ಅವಳು ಸೆರಗು ಸಿಕ್ಕಿಸಿಕೊಂಡು ನನ್ನ ಪಾಲಿನ ನಡಿಗೆ ನಡೆಯುತ್ತಿದ್ದಳು. ನಾನು ಮಲಗಿ ನೋಡುತ್ತಿದ್ದೆ. ಕ್ಯಾಮೆರಾ ಬೇಡವೆಂದು ಮೊದಲೇ ಬರೆದುಕೊಟ್ಟಿದ್ದೆವು, ಹಾಗಾಗಿ ಮಹಾನಂದಾಳಿಗೆ ಕಾಣುತ್ತಿರಲಿಲ್ಲ. ಅವಳು ಮಾತಾಡುವ ದಿನಗಳಲ್ಲಿ ಸುಗಲಾ ಬಾಯಿಮುಚ್ಚಿ ನಡೆಯುವಳು. ನಾನು ಮಂಚದ ಮೇಲಿಂದ ಬೇಕೆಂದೇ ಏದುಸಿರು ಬಿಡುತ್ತ ಉತ್ತರ ಕೊಡುವೆನು. ಮೊದಮೊದಲು ಇಬ್ಬರೂ ಆಮೇಲೆ ಕೂತು ನಕ್ಕಿದ್ದೂ ಉಂಟು. ಎರಡನೇ ವಾರದಲ್ಲಿ ಅವಳು, "ಯಾಕೋ ದಣಿವಾಗ್ತದ್ರಿ" ಎಂದಳು. ಬಿಸಿಲಿಗೆ ಇರಬೇಕು ಎಂದೆ. ಈ ಒಂದು ಮಾತನ್ನು ನಾನು ಮರೆಯಲಾರೆ.

ಇಪ್ಪತ್ತಾರನೇ ದಿನ, ಮಂಗಳವಾರ. ಅವಳು ಹಾಸಿನ ಮೇಲಿದ್ದಳು. ಮಹಾನಂದಾ ಯಾವುದೋ ಮಾತಿನ ನಡುವೆ ತಟ್ಟನೆ ನಿಲ್ಲಿಸಿದಳು.

"ಕಾಕಾ, ನಿಂದರ್ರಿ. ನಿಮ್ಮ ನಾಡಿ ತಾಳ ತಪ್ಪಲತದ. ಕೂಡ್ರಿ, ಈಗಿಂದೀಗ."

ನಾನು ತಲೆಯೆತ್ತಿದೆ. ಸುಗಲಾಳ ಬಲಗೈ ಹಿಡಿಗಂಬಿಯಿಂದ ತಾನೇ ಜಾರಿತು. ಅವಳು ಆ ಕೈಯನ್ನೇ ಆಶ್ಚರ್ಯದಿಂದ ನೋಡಿದಳು, ಆಮೇಲೆ ಒಂದು ಬದಿಗೆ ಕುಸಿದಳು. ಬಾಯಿಯ ಬಲಮೂಲೆ ಕೆಳಗೆ ಜೋತುಬಿದ್ದಿತ್ತು. ಗೋಡೆಯೊಳಗಿನ ದನಿ, ರೋಗಿ ಮಲಗಿರಬೇಕು, ಬಾಗಿಲು ಬಂದ್ ಮಾಡಲಾಗಿದೆ ಎಂದಿತು. ಉಕ್ಕಿನ ಅಗುಳಿಗಳು ಒಂದರ ಹಿಂದೊಂದು ಬಿದ್ದವು. ಒಟ್ಟು ಎಂಟು. ಅವುಗಳ ಸದ್ದು ನನಗೆ ಗುರುತಿತ್ತು.

"ಅದು ನನ್ನ ನಾಡಿ ಅಲ್ಲವ್ವಾ," ಎಂದೆ. "ಸುಗಲಾಂದು. ಇಷ್ಟ್ ದಿನ ಆಕಿನೇ ನಡದಾಳ. ಬಾಯಿ ಸೊಟ್ಟಾಗ್ಯದ."

ಮಹಾನಂದಾ ಬೈಯಲಿಲ್ಲ. "ಕಾಕಿಗಿ ಲಕ್ವಾ ಹೊಡದದ" ಎಂದಳು. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲೇ ದವಾಖಾನೆ ಇದೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಮದ್ದು ಅಲ್ಲಿತ್ತು. ಅವಳು ಡಾಕ್ಟರರನ್ನು ಮೇಲಕ್ಕೆ ಕಳಿಸಿದಳು. ಐದು ನಿಮಿಷದಲ್ಲಿ ಡಾಕ್ಟರರೂ ಪಕ್ಕದ ಮನೆಯ ಖಾಜಾ ಪಟೇಲರೂ ಅವಳನ್ನು ಕೂರಿಸಿ ಕೆಳಗೆ ಒಯ್ಯಲು ಕುರ್ಚಿ ಹಿಡಿದು ನಮ್ಮ ಬಾಗಿಲ ಆಚೆ ನಿಂತಿದ್ದರು. ಪಟೇಲರು ಗುದ್ದುತ್ತಿದ್ದದ್ದು ನನಗೆ ಎಲ್ಲೋ ದೂರದಲ್ಲಿ ಯಾರೋ ಹಾಸಿಗೆ ಝಾಡಿಸಿದಂತೆ ಕೇಳುತ್ತಿತ್ತು. ಹೀಗೆ ಬಂದ್ ಆದ ಬಾಗಿಲನ್ನು ಹೊರಗಿಂದ ತೆರೆಯುವ ಕೀಲಿ ಆಂಬುಲೆನ್ಸಿನವರ ಹತ್ತಿರ ಮಾತ್ರ ಇರುತ್ತದೆ. ಅವರು ಬರಲು ಐವತ್ತು ನಿಮಿಷ ಬೇಕಿತ್ತು.

"ನೀನೇ ತೆಗಿಯವ್ವಾ," ಎಂದು ಬೇಡಿಕೊಂಡೆ.

"ನನ್ನ ಕೈಯಾಗಿಲ್ಲ ಕಾಕಾ. ದೇವರಾಣಿ ನನ್ನ ಕೈಯಾಗಿಲ್ಲ." ಆಮೇಲೆ ಅವಳ ದನಿ ಗಟ್ಟಿಯಾಯಿತು. "ಒಂದೇ ದಾರಿ ಅದ. ಪಟ್ಟಿ ಬಿಚ್ಚಿ ನೀವು ಕಟ್ಕೋರಿ. ಆರು ನಿಮಿಷ ನಡೀರಿ. ನಾಡಿ ನೂರಾಹನ್ನೆರಡು ದಾಟಬಾರದು. ಆರು ನಿಮಿಷ ಸರಿ ಇತ್ತಂದ್ರ ಪಹರೆ ತಾನೇ ಅಗುಳಿ ಬಿಡ್ತದ, ಹೊರಗಿನವರು ಬಾಗಲ ದಬ್ಬಿ ಬರ್ತಾರ. ದಾಟಿತಂದ್ರ ಮತ್ತ ಮೊದಲಿಂದ."

ಮೂರು ವಾರಕ್ಕೂ ಹೆಚ್ಚು ಕಾಲ ಹಾಸಿನ ಮೇಲೆ ಕಾಲಿಡದವನು ನಾನು. ಸುಗಲಾಳನ್ನು ಎಡಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಟವೆಲ್ ಇಟ್ಟು, ಅವಳ ಬೆವರಿನಿಂದ ಒದ್ದೆಯಾದ ಪಟ್ಟಿಯನ್ನು ನನ್ನ ಎದೆಗೆ ಬಿಗಿದುಕೊಂಡು ಹಾಸಿನ ಮೇಲೆ ನಿಂತೆ. ಕಾಲುಗಳು ಓಡಬೇಕು ಎನ್ನುತ್ತಿದ್ದವು. ಓಡಿದರೆ ಬಾಗಿಲು ತೆರೆಯದು. ಹೆಂಡತಿ ಕಾಲಡಿಯಲ್ಲಿ ಬಿದ್ದಿರುವಾಗ ಸಂಜೆಯ ಗಾಳಿ ಸೇವನೆಗೆ ಹೊರಟವನಂತೆ ನಿಧಾನವಾಗಿ ನಡೆಯಬೇಕಿತ್ತು. ಎಷ್ಟು ನಡೆದರೂ ಅವಳಿಂದ ಒಂದು ಅಡಿಯೂ ದೂರ ಹೋಗುತ್ತಿರಲಿಲ್ಲ, ಬಾಗಿಲಿಗೆ ಒಂದು ಅಡಿಯೂ ಹತ್ತಿರವಾಗುತ್ತಿರಲಿಲ್ಲ.

ಎರಡನೇ ನಿಮಿಷಕ್ಕೆ ನೂರಾನಾಲ್ಕು. ಮೂರಕ್ಕೆ ನೂರಾಎಂಟು. ಸುಗಲಾ ಗಂಟಲಲ್ಲಿ ಏನೋ ಸದ್ದು ಮಾಡಿದಳು. ನಾನು ತಿರುಗಿದೆ, ನೂರಾಹನ್ನೊಂದು.

"ಕಾಕಿನ್ ನೋಡಬ್ಯಾಡ್ರಿ. ಬಾಗಲ ಹ್ಯಾಂಗ ಕೂಡಸ್ತಾರ, ನನಗ ಹೇಳ್ರಿ," ಎಂದಳು ಮಹಾನಂದಾ.

"ಏನ್ ಹೇಳ್ಲವ್ವಾ ಈಗ..."

"ಹೇಳ್ರಿ ಕಾಕಾ. ಮೊದಲ ಏನ್ ಇಡ್ತೀರಿ?"

ಮೊದಲು ಚೌಕಟ್ಟು ಎಂದೆ. ದಾರಕ್ಕೆ ತೂಗುಗುಂಡು ಕಟ್ಟಿ ಬಿಟ್ಟು ನೆಟ್ಟಗಿದೆಯೇ ನೋಡಬೇಕು. ಆಮೇಲೆ ಹೊರಪದರ. ಮರಳನ್ನು ಒಮ್ಮೆಲೆ ಸುರಿಯಬಾರದು, ಗೇಣುಗೇಣು ತುಂಬಿ ತಟ್ಟಬೇಕು. "ಯಾಕ?" ಎಂದಳು. ಇಲ್ಲದಿದ್ದರೆ ಒಳಗೆ ಗಾಳಿ ಉಳಿಯುತ್ತದೆ ಎಂದೆ. ನನ್ನ ಹೃದಯ ಬಡಿಯುತ್ತಲೇ ಇತ್ತು, ಒಂದಾದ ಮೇಲೊಂದು. ಅದು ನಿಲ್ಲುತ್ತದೆಂದು ಕಾಯುವುದಕ್ಕೆ ನನಗೆ ಬಿಡುವಿರಲಿಲ್ಲ. ನೂರಾಒಂಬತ್ತು. ನೂರಾಏಳು. ಕೊನೆಯ ಅಗುಳಿಗೆ ಎಣ್ಣೆ ಹಚ್ಚುವುದನ್ನು ಹೇಳುತ್ತಿದ್ದಾಗ ಎಂಟೂ ಅಗುಳಿ ಹಿಂದೆ ಸರಿದವು. ಪಟೇಲರು ಚಪ್ಪಲಿಯಲ್ಲೇ ಒಳಗೆ ನುಗ್ಗಿದರು.

ಸುಗಲಾ ಬದುಕಿದ್ದಾಳೆ. ಬಲಗೈ ಭುಜದವರೆಗೆ ಏಳುವುದಿಲ್ಲ. ಮಾತು ಹುಡುಕಿ ಹುಡುಕಿ ತರುತ್ತಾಳೆ. ಉಪ್ಪು ಕೇಳಲು ಸಕ್ಕರೆ ಎಂದು ಹೇಳಿ ತಾನೇ ಸಿಟ್ಟಾಗುತ್ತಾಳೆ. ಆ ಆರು ನಿಮಿಷ ಮೊದಲೇ ಸಿಕ್ಕಿದ್ದರೆ ಕೈ ಉಳಿಯುತ್ತಿತ್ತೇ ಎಂದು ಡಾಕ್ಟರರನ್ನು ಕೇಳಿದೆ. ಅವರು ನನ್ನ ಮುಖ ನೋಡಿ, ಹೇಳಲಾಗದು ಎಂದರು. ನಾನು ಎಲ್ಲವನ್ನೂ ಒಪ್ಪಿ ಬರೆದುಕೊಟ್ಟೆ. ನನ್ನ ತೊಂಬತ್ತು ದಿನ ಮತ್ತೆ ಒಂದರಿಂದ ಶುರುವಾಯಿತು. ಅವಳ ಎದೆಗೂ ಈಗ ಒಂದು ಪಟ್ಟಿ, ಅವಳಿಗೂ ತೊಂಬತ್ತು ದಿನ. ಪಟ್ಟಿ ಇಲ್ಲದ ಎದೆ ಈ ಮನೆಯಲ್ಲಿ ಯಾರದೂ ಇಲ್ಲ, ಹಾಗಾಗಿ ಬಾಗಿಲು ತೆರೆಯಬಲ್ಲ ಕೈಯೂ ಇಲ್ಲ. ಪಟೇಲರ ಮನೆಯವರು ತರಕಾರಿಯನ್ನು ಬಾಗಿಲ ಕಿಂಡಿಯಲ್ಲಿ ಇಟ್ಟುಹೋಗುತ್ತಾರೆ.

ನಿಮ್ಮ ಕಾಲದಲ್ಲಿ ಇದೆಲ್ಲ ಈಗಷ್ಟೇ ಮೊದಲಾಗುತ್ತಿದೆ ಎಂದು ಓದಿದ್ದೇನೆ. ಫೋನಿನಲ್ಲಿ ನಾಡಿ ನೋಡುತ್ತೀರಂತೆ, ಮನೆಯ ಅಂಗಳದಲ್ಲಿ ನಡೆಯುತ್ತೀರಂತೆ. ನಡೆಯಿರಿ, ಅದು ಒಳ್ಳೆಯದು, ನನ್ನನ್ನು ಉಳಿಸಿದ್ದೂ ನಡಿಗೆಯೇ. ಅಂಜಿಕೆಯಾದರೆ ಅಂಜಿಕೆ ಎಂದು ಬಾಯಿಬಿಟ್ಟು ಹೇಳಿ. ಮಹಾನಂದಾಳಿಗೆ ನಾನು ಐದನೇ ದಿನವೇ ಹೇಳಿದ್ದರೆ ಅವಳು ಬೈಯುತ್ತಿರಲಿಲ್ಲ ಎಂದು ಈಗ ಗೊತ್ತಾಗಿದೆ. ನಿಮ್ಮ ಪಟ್ಟಿಯನ್ನು ನಿಮ್ಮ ಪ್ರೀತಿಯವರ ಎದೆಗೆ ಕಟ್ಟಬೇಡಿ.

ಇನ್ನೊಂದು ಕೇಳಿಕೆ, ನಿಯಮ ಬರೆಯಲು ಕೂತವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಅವರಿಗೆ ತಲುಪಿಸಿ. ನೂರು ನಿಯಮ ಬರೆಯಲಿ. ಆ ತುದಿಯಲ್ಲಿ ಕುಳಿತು ನಮ್ಮನ್ನು ಕಾಕಾ ಎಂದು ಕರೆಯುವವಳ ಕೈಗೂ ಒಂದು ಕೀಲಿ ಕೊಡಲಿ. ಮಹಾನಂದಾ ನಮ್ಮ ಸರಕಾರಕ್ಕೆ ಇದನ್ನೇ ಕೇಳಿ ಮೂರು ಸಲ ಬರೆದಿದ್ದಾಳೆ, ಉತ್ತರ ಬಂದಿಲ್ಲ. ನಿಮಗೆ ಇನ್ನೂ ಸಮಯವಿದೆ.

ಎಂಟು ಗಂಟೆಯಾಯಿತು. ಸುಗಲಾ ಎಡಗೈಯಿಂದ ಹಿಡಿಗಂಬಿ ಹಿಡಿದು ನಿಂತಿದ್ದಾಳೆ, ನನ್ನನ್ನು ಕರೆಯಲು ನನ್ನ ಹೆಸರಿಗಾಗಿ ಹುಡುಕುತ್ತಿದ್ದಾಳೆ. ಅದು ಸಿಗುವ ಮೊದಲೇ ನಾನು ಎದ್ದು ಹೋಗಬೇಕು.

ಇಂತಿ,
ಮಡಿವಾಳಪ್ಪ