ಮೂರನೇ ಸುತ್ತಿನ ಎದುರಾಳಿಗೆ

ಮಗಳೇ,

ಟೂರ್ನಿಯ ಸಭಾಂಗಣದಲ್ಲಿ ನೀನು ಸ್ವೆಟರ್ ಮರೆತು ಹೋಗಿದ್ದೆ. ಇದರ ಜೊತೆಗೇ ಹಾಸ್ಟೆಲ್ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ಚೆಸ್ ಬೋರ್ಡಿನ ಮುಂದೆ ನಮ್ಮಿಬ್ಬರನ್ನೇ ಎದುರುಬದುರು ಕೂರಿಸಿದಾಗ, ಅಪ್ಪನೆಂದು ನೀನು ಮೆತ್ತಗೆ ಆಡುತ್ತೀಯೇನೋ ಎಂದು ಹೆದರಿದ್ದೆ. ನೀನೋ, ಶುರುವಿನಲ್ಲೇ ಕಾಲಾಳುಗಳನ್ನು ನನ್ನ ರಾಜನ ಮೇಲೆ ನುಗ್ಗಿಸಿದೆ. ಒಂದನ್ನು ಬೇಕೆಂದೇ ಬಲಿಕೊಟ್ಟೆ. ನಾನು ಆಸೆಬುರುಕ, ಹೊಡೆದೆ, ಸಿಕ್ಕಿಬಿದ್ದೆ. ಆಗ ತಲೆ ತಗ್ಗಿಸಿ, "ಅಪ್ಪಾ, ಡ್ರಾ ಮಾಡ್ಕೊಳ್ಳೋಣ್ವಾ?" ಎಂದೆಯಲ್ಲ, ಇಡೀ ಆಟದಲ್ಲಿ ನೀನು ಮಾಡಿದ ತಪ್ಪು ಅದೊಂದೇ. "ಸುಮ್ನೆ ಆಡಮ್ಮ" ಎಂದು ಗದರಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಕೆಲಸಕ್ಕೆ ಹೋದಾಗ ನಮ್ಮ ಬಸ್ ಡಿಪೋದಲ್ಲಿ ಸಿಕ್ಕಿದವರಿಗೆಲ್ಲ ನಾನು ಸೋತ ಕಥೆ ಹೇಳಿದೆ. "ಸೋತು ಬಂದು ಇಷ್ಟು ಮೆರೆಯೋರನ್ನ ನಾನು ನೋಡಿಲ್ಲ ಕಣ್ರೀ" ಎಂದು ಮೆಕ್ಯಾನಿಕ್ ನಕ್ಕ.

ಇನ್ನೊಂದು ವಿಷಯ. ನೀನು ಚಿಕ್ಕವಳಿದ್ದಾಗಿನಿಂದ ಮನೆಯಲ್ಲಿ ಆಡುವಾಗಲೆಲ್ಲ, ಆಟ ಸರಿಸಮವಾಗಲಿ ಎಂದು ನನ್ನ ಮಂತ್ರಿಯನ್ನು ತೆಗೆದು ಪಕ್ಕಕ್ಕಿಡುತ್ತಿದ್ದೆ. ಇನ್ನು ಮೇಲೆ ಇಡುವುದಿಲ್ಲ. ರಜೆಗೆ ಬಂದಾಗ ನೀನು ನಿನ್ನದನ್ನು ತೆಗೆದಿಟ್ಟರೆ, ನನ್ನ ಆಕ್ಷೇಪಣೆಯೇನೂ ಇಲ್ಲ.

ನಿನ್ನೆದುರು ಸೋತ
ಅಪ್ಪ