ಕಂಪನಿಗಿಂತ ಉತ್ತಮ ಎಣ್ಣೆ

ತಾರೀಕು ೧೪, ಮಂಗಳವಾರ
ಸರ್ವಿಸ್ ಸೆಂಟರಿನ ಕಾಯುವ ಕೋಣೆಯಿಂದ

ಮಾವನ ಮೇಲೆ ಹಲ್ಲು ಕಡಿಯುತ್ತಿರುವ ನನ್ನ ಮುದ್ದು ಪುಟ್ಟಿಗೆ,

ನಿನ್ನ ಮೆಸೇಜು ನೋಡಿದೆ. "ಮಾವ, ನನ್ನ ವ್ಯಾನಿಗೆ ಏನ್ ಮಾಡಿದ್ರಿ?" ಎಂದು ಒಂದೇ ಸಾಲು. ಹೇಗಿದ್ದೀರಿ, ಮಂಡಿನೋವು ಹೇಗಿದೆ, ಒಂದೂ ಇಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. "ಬಾಯಲ್ಲಿ ಹೇಳಿದ್ರೆ ತಿರುಗಿಸ್ತೀರಿ, ಬರೆದು ಕಳಿಸಿ" ಎನ್ನುತ್ತೀ. ಲಾಂಡ್ರಿಗೆ ಹೊಸ ಇಸ್ತ್ರಿ ಯಂತ್ರ ತರಬೇಕು, ಅದನ್ನು ನಡೆಸಲು ಕಲಿಯಬೇಕು ಎಂದು ಎರಡು ತಿಂಗಳಿಗೆ ಹೋದವಳು, ಮಾವನನ್ನು ಕಟಕಟೆಯಲ್ಲಿ ನಿಲ್ಲಿಸುವುದನ್ನೂ ಅಲ್ಲೇ ಕಲಿಯುತ್ತಿದ್ದೀಯಾ? ಆಗಲಿ, ಬರೆಯುತ್ತೇನೆ. ಇಲ್ಲಿ ಕುರ್ಚಿಗಳನ್ನೆಲ್ಲ ಒಂದಕ್ಕೊಂದು ಬೋಲ್ಟು ಹಾಕಿ ಜೋಡಿಸಿದ್ದಾರೆ. ಪಕ್ಕದವನು ಕಾಲು ಕುಣಿಸಿದಂತೆಲ್ಲ ನನ್ನ ಅಕ್ಷರವೂ ಕುಣಿಯುತ್ತಿದೆ, ಅದಕ್ಕೂ ನನ್ನನ್ನೇ ಬೈಯಬೇಡ. ಗಾಜಿನಾಚೆ ನಿನ್ನ ವ್ಯಾನು ಕಬ್ಬಿಣದ ತೋಳುಗಳ ಮೇಲೆ ಹೊಟ್ಟೆ ತೋರಿಸಿಕೊಂಡು ನಿಂತಿದೆ.

ಹೊರಡುವಾಗ ನೀನು ಮೂರು ಮಾತು ಹೇಳಿದ್ದೆ. ಹತ್ತು ಸಾವಿರ ಕಿಲೋಮೀಟರ್ ಆದ ಕೂಡಲೇ ಎಣ್ಣೆ ಬದಲಾಯಿಸಬೇಕು, ಕಂಪನಿಯ ಪುಸ್ತಕದಲ್ಲಿ ಇರುವ ಎಣ್ಣೆಯನ್ನೇ ಹಾಕಿಸಬೇಕು, ಬಿಲ್ಲು ಜೋಪಾನ ಮಾಡಬೇಕು. ಮೊದಲನೆಯದನ್ನು ನನ್ನಷ್ಟು ಚೆನ್ನಾಗಿ ಯಾರೂ ಪಾಲಿಸಿರಲಾರರು. ಮೀಟರು ಹತ್ತು ಸಾವಿರ ತೋರಿಸಿದ ಬೆಳಗ್ಗೆಯೇ ವ್ಯಾನಿನ ಕೆಳಗೆ ನುಸುಳಿದ್ದೆ.

ಹಳೆಯ ಎಣ್ಣೆ ಇಳಿಸಿ, ರೂಢಿಯಂತೆ ಎರಡು ಬೆರಳ ನಡುವೆ ಉಜ್ಜಿ ನೋಡಿದೆ. ಎಣ್ಣೆಯೇ ಅದು? ನೀರು! ಬೆರಳಿಗೆ ಅಂಟುವುದೇ ಇಲ್ಲ. ಪುಸ್ತಕ ತೆಗೆದರೆ ಎಣ್ಣೆಯ ನಂಬರು 'ಸೊನ್ನೆ ಡಬ್ಲ್ಯು ಇಪ್ಪತ್ತು' ಎಂದಿದೆ. ಸೊನ್ನೆ ಎನ್ನುವುದು ಊರಿನ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ನನಗೆ ಕೊಡುತ್ತಿದ್ದ ಮಾರ್ಕು. ಅಂಥದ್ದನ್ನು ನನ್ನ ಸೊಸೆಯ ವ್ಯಾನಿಗೆ ಹಾಕುವುದೇ? ಮೂವತ್ತು ವರ್ಷ ಲಾರಿ, ಪಂಪುಸೆಟ್ಟುಗಳ ಎಂಜಿನ್ನು ಬಿಚ್ಚಿದ ಕೈ ಇದು. ನಾನು ಕಟ್ಟಿದ ಎಂಜಿನ್ನುಗಳಲ್ಲಿ ಕೆಲವು, ಕಟ್ಟಿಸಿಕೊಂಡ ಯಜಮಾನರಿಗಿಂತ ಹೆಚ್ಚು ಕಾಲ ಬದುಕಿವೆ. ನೆಟ್ಟಗೆ ಎಣ್ಣೆ ಅಂಗಡಿ ಇಟ್ಟಿರುವ ನನ್ನ ಗೆಳೆಯ ಡಬ್ಬಿಯ ಹತ್ತಿರ ಹೋದೆ. ಗೊತ್ತಲ್ಲ, ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂತು ನನ್ನಿಂದಲೇ ನಕಲು ಮಾಡಿ ಫೇಲಾದವನು. ಲಾರಿಗೆ ಹಾಕುವ ದಪ್ಪ ಎಣ್ಣೆ ತಂದು ತುಂಬಿದೆ. ಜೇನುತುಪ್ಪದ ಹಾಗೆ ಇಳಿಯಿತು, ಏನು ಚೆಂದ!

ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಸರ್ವಿಸ್ ಪುಸ್ತಕದಲ್ಲಿ ಖಾಲಿ ಜಾಗ ಕಂಡಿತು. ಬರೆದೆ: 'ನೀರಿನಂಥ ಎಣ್ಣೆಯನ್ನು ಚೆಲ್ಲಿ ಕಂಪನಿಗಿಂತ ಉತ್ತಮ ಎಣ್ಣೆ ಹಾಕಲಾಗಿದೆ.' ಕೆಳಗೆ ಸಹಿ. ಸಹಿಯ ಬಾಲ ಪಕ್ಕದ ಪುಟದವರೆಗೂ ಹೋಗಿದೆ.

ಮೂರನೇ ವಾರಕ್ಕೆ ಬೆಳಗ್ಗೆ ಬೆಳಗ್ಗೆ ಎಂಜಿನ್ನು ತಟತಟ ಎನ್ನತೊಡಗಿತು. ಆಮೇಲೆ ಮೀಟರಿನ ಪಕ್ಕ ಎಚ್ಚರಿಕೆಯ ಹಳದಿ ದೀಪ. ತಂದು ಇಲ್ಲಿ ಬಿಟ್ಟೆ. ಕೌಂಟರಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ನಿನಗಿಂತ ಚಿಕ್ಕವಳು, ನಿನಗಿಂತ ನಿಧಾನಸ್ಥೆ. ನಾನು ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದಳು. "ಉತ್ತಮ ಅಂದ್ರೆ ಯಾವ್ದು ಅಂಕಲ್? ನಂಬರ್ ಬರ್ದಿಲ್ವಲ್ಲ" ಎಂದು ಕೇಳಿದಳು. ವಾರಂಟಿ ಉಳಿಯಬೇಕಾದರೆ ಇಲ್ಲೇ ಸರ್ವಿಸ್ ಆಗಬೇಕೆಂಬ ಹಠ ಇವರದ್ದು ಎಂದು ನಾನು ಜಗಳಕ್ಕೆ ನಿಂತೆ. "ಅಯ್ಯೋ, ಎಲ್ಲಿ ಬೇಕಾದ್ರೂ ಮಾಡ್ಸಿ, ನೀವೇ ಬೇಕಾದ್ರೂ ಮಾಡಿ. ಪುಸ್ತಕದಲ್ಲಿರೋ ಎಣ್ಣೆ ಹಾಕಿದೀನಿ ಅನ್ನೋದಕ್ಕೆ ಬಿಲ್ ಇರ್ಲಿ, ಅಷ್ಟೇ" ಎಂದುಬಿಟ್ಟಳು. ಜಗಳಕ್ಕೂ ಜಾಗ ಕೊಡಲಿಲ್ಲ ನೋಡು, ಮೈ ಉರಿದುಹೋಯಿತು.

ಆಮೇಲೆ ಅರ್ಧಕ್ಕೆ ಕೊಯ್ದಿಟ್ಟ ಒಂದು ಎಂಜಿನ್ನನ್ನು ತೋರಿಸಿದಳು. ವಾಲ್ವುಗಳು ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡಲು ಈಗಿನ ಎಂಜಿನ್ನುಗಳಲ್ಲಿ ಒಂದು ಚಿಕ್ಕ ಸಾಮಾನಿದೆಯಂತೆ. ಅದು ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುವುದು. ಎಣ್ಣೆ ಹರಿಯುವ ದಾರಿಗಳು ಕೂದಲೆಳೆಯಷ್ಟು ಸಣ್ಣ. ತಣ್ಣಗಿರುವಾಗ ನನ್ನ ಜೇನುತುಪ್ಪ ಅಲ್ಲಿ ಹರಿಯುವುದಿಲ್ಲವಂತೆ. ಬಗ್ಗಿ ನೋಡಿದೆ. ಕನ್ನಡಕ ಹಾಕಿ ಇನ್ನೊಮ್ಮೆ ನೋಡಿದೆ. ದಾರಿ ಇತ್ತು. ಲಾರಿಯಲ್ಲಿ ಇಂಥ ಚೇಷ್ಟೆಗಳಿರಲಿಲ್ಲ!

ಈಗ ಸಂಗತಿ ಹೀಗಿದೆ. ಬೇರೆ ಎಣ್ಣೆ ಹಾಕಿದ್ದೆ ಎಂದು ಒಪ್ಪಿಕೊಂಡರೆ ಆ ಒಂದು ಸಾಮಾನಿಗೆ ವಾರಂಟಿ ಇಲ್ಲ, ಮಿಕ್ಕ ಎಂಜಿನ್ನಿಗೆ ಉಂಟು. ಸರಿಯಾದ ಎಣ್ಣೆಯ ಬಿಲ್ಲು ಕೊಟ್ಟರೆ ಎಲ್ಲಕ್ಕೂ ಉಂಟು. ಆದರೆ ಎಣ್ಣೆಯ ಸ್ಯಾಂಪಲ್ಲು ಪರೀಕ್ಷೆಗೆ ಹೋಗುತ್ತದೆ. ಬಿಲ್ಲು ಸುಳ್ಳೆಂದು ಗೊತ್ತಾದರೆ ಇಡೀ ಎಂಜಿನ್ನಿನ ವಾರಂಟಿ ಕೈತಪ್ಪಿದ ಹಾಗೆಯೇ.

ಡಬ್ಬಿ ಅಂಥ ಸುಳ್ಳು ಬಿಲ್ಲೊಂದನ್ನು ಬರೆದುಕೊಟ್ಟಿದ್ದಾನೆ. "ಪರೀಕ್ಷೆನೂ ಇಲ್ಲ ಗಿರೀಕ್ಷೆನೂ ಇಲ್ಲ, ಸುಮ್ನೆ ಹೆದರಿಸ್ತಾರೆ ಕಣೋ, ಇಟ್ಕೋ" ಎಂದು ನನ್ನ ಜೇಬಿಗೇ ತುರುಕಿದ. ನಿನ್ನ ಅತ್ತೆಯೂ ಅವನ ಪಕ್ಷ. ಮೂರು ದಿನದಿಂದ ಆಸ್ಪತ್ರೆಯ ಹಾಸು ಹೊದಿಕೆಗಳ ಗಂಟನ್ನು ಬಾಡಿಗೆ ಆಟೋದಲ್ಲಿ ಹೊತ್ತು ತರುತ್ತಿದ್ದಾಳೆ. ಒಂದೊಂದು ಗಂಟು ಇಳಿಸುವಾಗಲೂ "ದೊಡ್ಡ ಮೆಕ್ಯಾನಿಕ್ಕು! ಆ ಮಗು ಅಷ್ಟು ಹೇಳಿ ಹೋಗಿತ್ತು. ಈಗ್ಲಾದ್ರೂ ತೆಪ್ಪಗೆ ಬಿಲ್ಲು ಕೊಟ್ಟು ವ್ಯಾನ್ ಬಿಡಿಸ್ಕೊಂಡು ಬನ್ನಿ" ಎನ್ನುತ್ತಾಳೆ. ಇನ್ನೆರಡು ಸಲ ತಡವಾದರೆ ಆಸ್ಪತ್ರೆಯವರು ಬೇರೆ ಲಾಂಡ್ರಿ ನೋಡಿಕೊಳ್ಳುತ್ತಾರೆ, ಆಗ ನಿನ್ನ ಹೊಸ ಯಂತ್ರದಲ್ಲಿ ನನ್ನ ಪಂಚೆ ಇಸ್ತ್ರಿ ಮಾಡಿಕೊಂಡು ಕೂರಬೇಕು ನೀನು.

ವ್ಯಾನು ನಿನ್ನದು, ವಾರಂಟಿ ನಿನ್ನ ಹೆಸರಿನಲ್ಲಿದೆ. ಬಿಲ್ಲು ಕೊಡಲೋ ಬೇಡವೋ, ಶನಿವಾರದೊಳಗೆ ಒಂದು ಮೆಸೇಜು ಹಾಕು. ನೀನು ಹೇಳಿದಂತೆ ನಡೆಯುತ್ತೇನೆ. ಈ ಸಲ ಮೂರಕ್ಕೆ ಮೂರೂ.

ಇಂತಿ, ಎಣ್ಣೆ ಮೆತ್ತಿದ ಕೈಯಿಂದಲೇ ಹರಸುವ,
ನಿನ್ನ ಸೋದರಮಾವ

ತಾ.ಕ.: ನಿನ್ನ ಮೆಸೇಜಿಗೆ ಕಾಯಲಿಲ್ಲ. ಸಹಿ ಹಾಕಿ ತಲೆ ಎತ್ತುವಷ್ಟರಲ್ಲಿ ಆ ಹುಡುಗಿ ಎದುರಿಗೆ ನಿಂತಿದ್ದಳು. "ಸ್ಯಾಂಪಲ್ ಕಳಿಸ್ತಾ ಇದೀವಿ ಅಂಕಲ್, ಬಿಲ್ ಇದ್ರೆ ಈಗ್ಲೇ ಕೊಟ್ಬಿಡಿ" ಎಂದಳು. ಕೈ ಜೇಬಿನವರೆಗೂ ಹೋಯಿತು, ನಿಜ ಹೇಳುತ್ತೇನೆ. ಆದರೆ ಅವಳ ಹತ್ತಿರ ಒಂದು ಬಿಳಿ ಹಾಳೆ ಕೇಳಿ ಬರೆದುಕೊಟ್ಟೆ: 'ದಪ್ಪ ಎಣ್ಣೆ ಹಾಕಿದ್ದು ನಾನು. ನನ್ನ ಸೊಸೆ ಸರಿಯಾಗಿಯೇ ಹೇಳಿದ್ದಳು. ನನಗೆ ಗೊತ್ತಿರಲಿಲ್ಲ.' ಸಾಮಾನು ನನ್ನ ದುಡ್ಡಲ್ಲೇ ಹಾಕಿಸುತ್ತೇನೆ, ವ್ಯಾನು ನಾಳಿದ್ದು ಸಿಗುತ್ತದೆ, ಉಳಿದ ಎಂಜಿನ್ನಿನ ವಾರಂಟಿಗೆ ಕೂದಲೂ ಕೊಂಕಿಲ್ಲ. ಆ ಹಾಳೆಯ ನಕಲು ನಿನಗೂ ಬರುತ್ತದಂತೆ. ಓದಿ ಹರಿದು ಹಾಕು. ಕೊನೆಯ ಸಾಲು ಯಾವ ಕಾರಣಕ್ಕೂ ಅತ್ತೆಯ ಕಣ್ಣಿಗೆ ಬೀಳಕೂಡದು. ಅದನ್ನು ನನ್ನ ಬಾಯಲ್ಲಿ ಕೇಳಲು ಮದುವೆಯಾದಂದಿನಿಂದ ಕಾಯುತ್ತಿದ್ದಾಳೆ.